ಮೊಣಕಾಲಿಗೂ ಎದೆಗೂ ನಡುವೆ

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮವಿತ್ತು. ಆಶ್ರಮವೆಂದರೆ ದೊಡ್ಡದೇನೂ ಅಲ್ಲ. ಎರಡು ಗುಡಿಸಲು, ಒಂದು ಅಡುಗೆಮನೆ, ಅಂಗಳದಲ್ಲೊಂದು ಬನ್ನಿಮರ.

ಅಲ್ಲಿಯ ಗುರುವಿನ ಹೆಸರು ಅಡಿವೆಯ್ಯ. ಎಲ್ಲರ ಬಾಯಲ್ಲೂ ಅವರು ಅಜ್ಜ. ಶಿಷ್ಯನ ಹೆಸರು ಕಲ್ಮೇಶ. ಅಡುಗೆಯ ದ್ಯಾಮವ್ವ ಇಬ್ಬರಿಗೂ ರೊಟ್ಟಿ ಬಡಿದು ಹಾಕುತ್ತಿದ್ದಳು, ಇಬ್ಬರನ್ನೂ ಬೈಯುತ್ತಿದ್ದಳು.

ಬೇಸಿಗೆ ಬಂದರೆ ಹೊಳೆ ಬತ್ತುತ್ತಿತ್ತು. ನಡುವೆ ಒಂದು ಮಡುವಿನಲ್ಲಿ ಮಾತ್ರ ನೀರು ಉಳಿಯುತ್ತಿತ್ತು. ಆ ಮಡುವಿನ ಸುತ್ತಲಿನ ಉಸುಕಿನಲ್ಲಿ ಪಾತಿ ಮಾಡಿ ಬೀಜ ಹಾಕಿದರೆ ಕಲ್ಲಂಗಡಿ ಕೊಡದಷ್ಟು ದಪ್ಪ ಬರುತ್ತಿತ್ತು.

ಆದರೆ ಆ ಉಸುಕು ಯಾರದು? ಆಚೆದಡದ ಊರಿನವರದೋ, ಈಚೆದಡದ ಊರಿನವರದೋ? ಹೊಳೆಯಂತೂ ಬಾಯಿಬಿಟ್ಟು ಹೇಳುವುದಿಲ್ಲ.

ಹಿಂದೆಲ್ಲ ಬಡಿಗೆ ಹೇಳುತ್ತಿತ್ತು. ಸಾಕಷ್ಟು ತಲೆ ಒಡೆದ ಮೇಲೆ ಹಿರಿಯರಿಗೆ ಬುದ್ಧಿ ಬಂತು. ಎರಡೂ ದಡದವರು ಉಸುಕಿನ ಮೇಲೆ ಚೆಂಡಾಟ ಆಡುವುದು, ಗೆದ್ದ ದಡಕ್ಕೆ ಆ ಬೇಸಿಗೆಯ ಉಸುಕು ಎಂದು ಕಟ್ಟುಮಾಡಿದರು. ಆಟಕ್ಕೆ ಮೊದಲು ಬಡಿಗೆಗಳನ್ನೆಲ್ಲ ಉಸುಕಿನಲ್ಲಿ ಹೂಳಬೇಕು. ಮನೆಯಲ್ಲೇ ಬಿಟ್ಟು ಬನ್ನಿ ಎಂದರೆ ಯಾರೂ ಒಪ್ಪಲಿಲ್ಲ, ಅದಕ್ಕೇ ಹೂಳುವುದು.

ಆಟ ಸರಳ. ಒಂದು ದಡದವನು ದಾಂಡು ಹಿಡಿದು ನಿಲ್ಲುತ್ತಾನೆ. ಇನ್ನೊಂದು ದಡದವನು ನಾರಿನ ಚೆಂಡು ಎಸೆಯುತ್ತಾನೆ. ಬೀಸಿ ಹೊಡೆದು, ಎದುರಿನ ಗೂಟ ಮುಟ್ಟಿ ಬಂದರೆ ಒಂದು ಎಣಿಕೆ.

ದಾಂಡಿಗನ ಮೊಣಕಾಲಿಗೊಂದು, ಎದೆಗೊಂದು ಕೆಮ್ಮಣ್ಣಿನ ಗೆರೆ ಎಳೆಯುತ್ತಾರೆ. ಚೆಂಡು ದಾಂಡಿಗೆ ಸಿಗದೆ ಆ ಎರಡು ಗೆರೆಗಳ ನಡುವಿನ ಎತ್ತರದಲ್ಲಿ ಹಾದುಹೋದರೆ ‘ಒಳಗ’. ಮೇಲೆ ಹೋದರೆ, ಕೆಳಗೆ ಹೋದರೆ ‘ಹೊರಗ’. ಮೂರು ಸಲ ಒಳಗಾದರೆ ದಾಂಡಿಗ ಮನೆಗೆ.

ಒಳಗೋ ಹೊರಗೋ ಹೇಳಲು ದಾಂಡಿಗನ ಹಿಂದೆ ಒಬ್ಬ ನಿಲ್ಲುತ್ತಾನೆ. ಅವನಿಗೆ ದಾಂಡಿಲ್ಲ, ಚೆಂಡಿಲ್ಲ, ಉಸುಕಿಲ್ಲ. ಬೈಗುಳ ಮಾತ್ರ ಎರಡೂ ದಡದ್ದು.

ಬಹಳ ವರ್ಷ ಅಲ್ಲಿ ಅಜ್ಜ ನಿಂತಿದ್ದರು. ಒಂದು ಸಲವೂ ಬಡಿಗೆ ಉಸುಕಿನಿಂದ ಎದ್ದಿರಲಿಲ್ಲ.

ಒಂದು ಮುಂಜಾನೆ ಅಜ್ಜ ತಂಬಿಗೆಗೆ ನೀರು ಸುರಿಯಹೋಗಿ ಪಕ್ಕದ ನೆಲಕ್ಕೆ ಸುರಿದರು. ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಅಂದು ಅದು ಎಲ್ಲರಿಗೂ ಕಂಡಿತು.

“ಕಲ್ಮೇಶಾ, ಈ ಬ್ಯಾಸಿಗಿಗೆ ನೀ ನಿಲ್ಲು” ಎಂದರು.

ಕಲ್ಮೇಶ ಒಂದು ಹೆಜ್ಜೆ ಹಿಂದೆ ಸರಿದ. “ನಾನ್ರೀ? ನಾ ಈಚೆದಡದಾಂವ್ರಿ ಅಜ್ಜಾರ. ನಮ್ಮವ್ವ ಆ ಉಸುಕಿನ್ಯಾಗ ಕಲ್ಲಂಗಡಿ ಹಾಕತಾಳ್ರಿ.”

“ಅದು ಆಚೆದಡದವರಿಗೆ ಗೊತ್ತೈತಿ.”

“ಅವರು ನನ್ನ ಮಾತು ಒಪ್ಪದಿದ್ರ?”

“ಒಪ್ಪದಿದ್ರ ಬಡಿಗಿ ಅದಾವಲ್ಲ” ಎಂದು ಅಜ್ಜ ಕೈ ಒರೆಸಿಕೊಂಡರು.

ಅಂದಿನಿಂದ ಕಲ್ಮೇಶನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ತನ್ನ ಒಂದು ಮಾತು ತಪ್ಪಾದರೆ ಯಾರದೋ ತಲೆ ಒಡೆಯುತ್ತದೆ. ಅದೂ ಅಜ್ಜನ ಕಣ್ಣೆದುರಿಗೆ. ಕಣ್ಣಿಲ್ಲದಿದ್ದರೂ ಅಜ್ಜನ ಎದುರಿಗೆ.

ಅಭ್ಯಾಸಕ್ಕೆಂದು ಈಚೆದಡದ ಬಾಳಪ್ಪ ತನ್ನ ಗೆಳೆಯರೊಂದಿಗೆ ಉಸುಕಿಗೆ ಬರುತ್ತಿದ್ದ. ಬಾಳಪ್ಪ ಚೆಂಡು ಎಸೆಯುವುದರಲ್ಲಿ ಗಟ್ಟಿಗ. ಕಲ್ಮೇಶ ಹಿಂದೆ ನಿಂತು ಕೂಗುತ್ತಿದ್ದ. ಮುಂಜಾನೆ ಒಳಗೆಂದ ಎತ್ತರವನ್ನೇ ಮಧ್ಯಾಹ್ನ ಹೊರಗೆನ್ನುತ್ತಿದ್ದ. ಅವನಿಗೇ ಅದು ತಿಳಿಯುತ್ತಿತ್ತು.

ಆ ಸಂಜೆ ಅಜ್ಜನ ಬಳಿ ಹೋಗಿ ಕೂತ.

“ಅಜ್ಜಾರ, ಸಿಟ್ಟಾಗಬ್ಯಾಡ್ರಿ. ಹೋದ ವರ್ಷ ನೀವು ಒಳಗ ಅಂದ ಚಂಡು ಒಂದೆರಡು ಮೊಣಕಾಲಿನ ಕೆಳಗ ಇದ್ದೂ ಅನಸ್ತು.”

“ಇದ್ದಾವು.”

“ಮತ್ತ ಒಳಗ ಅಂದ್ರಿ?”

“ನಾ ಗಿಡ್ಡ. ಕೆಳಗಿಂದು ಚೊಲೊ ಕಾಣತಿತ್ತು. ಕಂಡಿದ್ದು ನಮ್ಮದು ಅನಸತೈತಿ.” ಅಜ್ಜ ನಕ್ಕರು. “ನನ್ನ ಗುರುಗಳು ಎತ್ತರ ಆಳು. ಅವರು ಎದಿ ಗೆರಿ ಮ್ಯಾಲೆ ಇನ್ನೊಂದು ಬಟ್ಟಿನಷ್ಟು ಎತ್ತರ ಬಂದ್ರೂ ಒಳಗ ಅಂತಿದ್ರು. ಅವರ ಕಾಲದಾಗ ದಾಂಡಿಗರು ಕುತಿಗಿ ಕಾಯ್ಕೊಂಡು ನಿಲ್ಲತಿದ್ರು. ನನ್ನ ಕಾಲದಾಗ ಮೊಣಕಾಲು ಕಾಯ್ಕೊಂಡ್ರು.”

ಕಲ್ಮೇಶನಿಗೆ ಕಾಲಡಿಯ ನೆಲ ಜರುಗಿದಂತಾಯಿತು. ಇಷ್ಟು ದಿನ ಗೆರೆ ಎಂದರೆ ಗೆರೆ ಎಂದುಕೊಂಡಿದ್ದ.

“ಹಂಗಾದ್ರ ಆಟಾನ ಸುಳ್ಳೇನ್ರಿ?”

“ಉಸುಕಿನ್ಯಾಗ ಕಲ್ಲಂಗಡಿ ಖರೇನ ಆದವಲ್ಲೋ.”

ಅದು ಉತ್ತರವೋ ಅಲ್ಲವೋ ಕಲ್ಮೇಶನಿಗೆ ತಿಳಿಯಲಿಲ್ಲ. ತಪ್ಪೆಲ್ಲ ಗೆರೆಯದೇ ಎಂದು ಮಾತ್ರ ಅವನು ತೀರ್ಮಾನಿಸಿದ. ಕೆಮ್ಮಣ್ಣಿನ ಗೆರೆ ಬೆವರಿಗೆ ನಿಲ್ಲುವುದಿಲ್ಲ. ಬೆಳಿಗ್ಗೆ ಎದೆಯ ಮೇಲೆ ಎಳೆದದ್ದು ಮಧ್ಯಾಹ್ನಕ್ಕೆ ಹೊಟ್ಟೆಗಿಳಿದಿರುತ್ತದೆ. ಇಳಿಯುವ ಗೆರೆ ನಂಬಿದರೆ ತೀರ್ಪು ಇಳಿಯದೆ ಏನಾದೀತು?

ದ್ಯಾಮವ್ವನಿಗೆ ಹೇಳಿದಾಗ ಅವಳು ರೊಟ್ಟಿ ತಿರುವುತ್ತಲೇ ಅಂದಳು: “ಕುಣಿಲಾರದಾಕಿ ನೆಲ ಡೊಂಕ ಅಂದಳಂತ.”

ಕಲ್ಮೇಶ ಮರುದಿನ ಅಗಸರ ಓಣಿಗೆ ಹೋದ. ಬಟ್ಟೆಗೆ ಗುರುತು ಹಾಕಲು ಅವರು ಕೇರುಬೀಜದ ರಸ ಇಟ್ಟುಕೊಂಡಿರುತ್ತಾರೆ. ಎಷ್ಟು ಒಗೆದರೂ ಹೋಗದ ಕಪ್ಪು. ಒಂದು ಚಿಪ್ಪಿನಲ್ಲಿ ತಂದು, ಅಂದು ದಾಂಡು ಹಿಡಿದು ನಿಂತ ಬಾಳಪ್ಪನ ಎದೆಗೂ ಮೊಣಕಾಲಿಗೂ ಕಡ್ಡಿಯಿಂದ ನೀಟಾಗಿ ಎಳೆದ.

ಅಂದು ಗೆರೆ ಅಲ್ಲಾಡಲಿಲ್ಲ. ಕಲ್ಮೇಶನಿಗೆ ಆಕಾಶ ಕೈಗೆ ಸಿಕ್ಕಷ್ಟು ಸಂತೋಷ.

ಮರುದಿನ ಬಾಳಪ್ಪ ಆಶ್ರಮಕ್ಕೆ ಅಳುತ್ತ ಬಂದ. ಕೇರು ಬಟ್ಟೆಗೆ ಗುರುತಾದರೆ ಮೈಗೆ ಬೆಂಕಿ. ಎದೆಯ ಮೇಲೆ ಗುಳ್ಳೆ ಎದ್ದು ಸಣ್ಣ ಗೆರೆ ಅಂಗೈ ಅಗಲವಾಗಿತ್ತು. ಮೊಣಕಾಲು ಮಡಚಲು ಬರುತ್ತಿರಲಿಲ್ಲ.

ದ್ಯಾಮವ್ವ ಕೊಬ್ಬರಿ ಎಣ್ಣೆ ಹಚ್ಚುತ್ತ ಕಲ್ಮೇಶನ ಏಳು ತಲೆಮಾರನ್ನೂ ಬೈದಳು. ಅಜ್ಜ ಬಾಳಪ್ಪನ ಎದೆಯ ಹತ್ತಿರ ಮುಖ ತಂದು, ಕಣ್ಣು ಕಿರಿದು ಮಾಡಿ ನೋಡಿದರು.

“ಭೇಷ್. ಗೆರಿ ಗಟ್ಟಿ ಆತು” ಎಂದರು. “ಮನಶ್ಯಾ ಕೆಟ್ಟ.”

ಕಲ್ಮೇಶ ನಾಚಿಕೆಯಿಂದ ಮುಖ ಎತ್ತಲಿಲ್ಲ.

ಆಮೇಲೆ ಮೈಗೆ ಗೆರೆ ಎಳೆಸಿಕೊಳ್ಳಲು ಒಬ್ಬನೂ ಮುಂದೆ ಬರಲಿಲ್ಲ. ಬರುವುದಾದರೂ ಹೇಗೆ? ಅಭ್ಯಾಸ ನಿಂತಿತು. ಆಟದ ದಿನ ಹತ್ತಿರ ಬರುತ್ತಿತ್ತು.

“ಎಲ್ಲಿ ನಿಂತು ನೋಡತಿ?” ಎಂದು ಅಜ್ಜ ಒಂದು ದಿನ ಕೇಳಿದರು.

“ದಾಂಡಿಗನ ಬಲಕ್ಕ್ರಿ.”

“ಎಡಕ್ಕ ನಿಂತು ನೋಡಿದೇನು?”

“ನೋಡಿದೆ. ಅಲ್ಲಿಂದ ಚಂಡು ಬ್ಯಾರೆ ಎತ್ತರ ಕಾಣತೈತ್ರಿ.”

“ಯಾವುದು ಸರಿ?”

ಕಲ್ಮೇಶ ಯೋಚಿಸಿದ. “ನಟ್ಟನಡುವ ನಿಂತ್ರ ಸರಿ ಕಾಣಬೇಕ್ರಿ.”

“ನಟ್ಟನಡುವ ದಾಂಡಿಗ ನಿಂತಿರತಾನ. ಅವನ ಬೆನ್ನು ಚೊಲೊ ಕಾಣತೈತಿ.”

ಕಲ್ಮೇಶನಿಗೆ ರೇಗಿತು. “ಹಂಗಾದ್ರ ಎಲ್ಲಿ ನಿಲ್ಲಬೇಕು ನೀವ ಹೇಳ್ರಿ!”

“ಒಂದು ಕಡೆ ನಿಲ್ಲು” ಎಂದರು ಅಜ್ಜ. “ನಿಂತ ಮ್ಯಾಲೆ ಓಡ್ಯಾಡಬ್ಯಾಡ.”

ಮರುದಿನ ಅಜ್ಜ ದ್ಯಾಮವ್ವನ ಸೌತೆಪಾತಿಯಲ್ಲಿದ್ದ ಬೆದರುಬೊಂಬೆಯನ್ನು ಕಿತ್ತು ತರಲು ಹೇಳಿದರು. ಹುಲ್ಲು ತುಂಬಿದ ಗೋಣಿಚೀಲದ ಮೈ. ಅದರ ಎದೆಗೂ ಮೊಣಕಾಲಿಗೂ ಗೆರೆ ಎಳೆದು, ಚೆಂಡು ನೇರ ಅದಕ್ಕೇ ಬಡಿಯುವಂತೆ ನಿಲ್ಲಿಸಿದರು. ಅಷ್ಟರಲ್ಲಿ ಬಾಳಪ್ಪನ ಗುಳ್ಳೆ ಮಾಗಿದ್ದವು, ಚೆಂಡನ್ನು ಕೆಸರಿನಲ್ಲಿ ಅದ್ದಿ ಎಸೆಯಲು ಅವನಿಗೆ ಹೇಳಿದರು. ಕೆಸರು ಬಡಿದ ಕಡೆ ಗುರುತು ನಿಲ್ಲಬೇಕು.

ಬಾಳಪ್ಪ ಎಸೆದ. ಕಲ್ಮೇಶ ಕೂಗಿದ. ಒಳಗ, ಹೊರಗ, ಹೊರಗ, ಒಳಗ. ಪ್ರತಿ ಸಲ ಹೋಗಿ ನೋಡಿದರೆ ಕೂಗಿದ್ದೂ ಕೆಸರೂ ಒಂದೇ. ದ್ಯಾಮವ್ವ ಕೂಡ ಬೈಯುವುದನ್ನು ನಿಲ್ಲಿಸಿದಳು.

“ಒಂದೂ ತಪ್ಪಲಿಲ್ಲ ನೋಡ್ರಿ ಅಜ್ಜಾರ!”

“ತಪ್ಪಲಿಲ್ಲ” ಎಂದರು ಅಜ್ಜ. ಎದ್ದು ಹೋಗಿ ತಮ್ಮ ಹೆಗಲ ಮೇಲಿನ ಕಾವಿ ಶಾಲನ್ನು ತೆಗೆದು ಬೊಂಬೆಯ ಹೆಗಲಿಗೆ ಹೊದಿಸಿದರು.

ಆ ಶಾಲು ಅವರ ಗುರುಗಳು ಕೊಟ್ಟದ್ದು. ಚಳಿ ಇರಲಿ, ಬಿಸಿಲಿರಲಿ, ಅದು ಅವರ ಮೈಬಿಟ್ಟದ್ದನ್ನು ಕಲ್ಮೇಶ ನೋಡಿರಲಿಲ್ಲ.

“ಈಗ ಬೊಂಬಿಗೆ ಎರಡು ಸಲ ಒಳಗಾಗೇತಿ ಅಂತ ತಿಳಕೊ. ಇನ್ನೊಂದು ಆತಂದ್ರ ಬೊಂಬಿ ಸುಡೋದು. ಶಾಲು ಸುದ್ಧಾ.”

“ಅಜ್ಜಾರ!”

“ದ್ಯಾಮವ್ವ, ಒಲ್ಯಾಗಿಂದ ಕೊಳ್ಳಿ ತಗೊಂಬಾ.”

ದ್ಯಾಮವ್ವ ತಂದಳು. ಅಜ್ಜ ಆಡಿದ ಮಾತನ್ನು ಮಾಡುವವರೆಂದು ಅವಳಿಗೆ ಗೊತ್ತಿತ್ತು. ಕೊಳ್ಳಿಯನ್ನು ಬೊಂಬೆಯ ಕಾಲ ಬಳಿ ಹಿಡಿದು ನಿಂತಳು. ಅವಳ ಮುಖ ಬಾಡಿತ್ತು.

ಬಾಳಪ್ಪ ಎಸೆದ. ಚೆಂಡು ಎದೆಯ ಗೆರೆಯ ಹತ್ತಿರ ದಪ್ಪೆಂದು ಬಡಿಯಿತು.

“ಹೊರಗ!” ಎಂದ ಕಲ್ಮೇಶ.

“ನೋಡಿ ಹೇಳು.”

“ನೋಡಿದೆನ್ರಿ. ಹೊರಗ.”

ಅಜ್ಜ ಅವನ ಕೈ ಹಿಡಿದು ಬೊಂಬೆಯ ತನಕ ಕರೆದೊಯ್ದರು. ಅವನ ಬೆರಳನ್ನೇ ಹಿಡಿದು ಹಸಿ ಕೆಸರಿನ ಮೇಲೆ ಇರಿಸಿದರು. ಗುರುತು ಪೂರಾ ಗೆರೆಯ ಕೆಳಗಿತ್ತು. ಕಲ್ಮೇಶನ ಮುಖ ಹುಳ್ಳಗಾಯಿತು.

“ಸುಳ್ಳ ಹೇಳಲಿಲ್ರಿ ಅಜ್ಜಾರ. ನನ್ನ ಕಣ್ಣಿಗೆ ಖರೇನ ಹೊರಗ ಕಾಣ್ತು.”

“ನನಗ ಗೊತ್ತೈತಿ. ಸುಳ್ಳ ಹೇಳಿದ್ರ ಹೆದರಿಕಿ ಇರಲಿಲ್ಲ.”

“ಮತ್ತ ಹ್ಯಾಂಗ ಹಂಗ ಕಾಣ್ತು?”

“ಚಂಡು ಬರೋ ಮೊದಲ ನೀ ಬೆಂಕಿ ನೋಡಿದಿ.”

ಅಜ್ಜ ಶಾಲು ತೆಗೆದು ಮತ್ತೆ ಹೊದ್ದರು. ದ್ಯಾಮವ್ವ ಕೊಳ್ಳಿಯನ್ನು ಉಸುಕಿಗೆ ಚುಚ್ಚಿ ಆರಿಸಿದಳು.

ಆಟದ ಹಿಂದಿನ ದಿನ ಕಲ್ಮೇಶ ಶಪಥ ಮಾಡಿದ. “ನಾಳೆ ನಾ ಯಾರ ಮುಖಾನೂ ನೋಡಂಗಿಲ್ರಿ ಅಜ್ಜಾರ. ಕಲ್ಲಾಗತೇನಿ.”

“ಕಲ್ಲಿಗೆ ಕಣ್ಣಿರೂದಿಲ್ಲ. ಮುಖ ನೋಡು. ದಾಂಡಿಗನ ಹೆಂಡ್ರು ಮಕ್ಕಳು ದಂಡಿಮ್ಯಾಲೆ ಕುಂತಿರತಾರ, ಅವರನ್ನೂ ನೋಡು. ಎಲ್ಲಾ ನೋಡಿ ಮುಗಿಸು. ಆಮ್ಯಾಲೆ ಚಂಡು ನೋಡು.”

ಹೇಳುವುದಕ್ಕೇನು, ಸುಲಭ.

ಆಟದ ದಿನ ಎರಡೂ ದಂಡೆ ಜನರಿಂದ ತುಂಬಿದವು. ಬಡಿಗೆಗಳು ಉಸುಕಿಗೆ ಹೋದವು. ಕಲ್ಮೇಶ ಹಿಂದೆ ಹೋಗಿ ನಿಂತಾಗ ಆಚೆದಡದಿಂದ ಯಾರೋ ಕೂಗಿದರು: “ಕಲ್ಲಂಗಡಿ ಬಂದೈತಿ ನೋಡ್ರೋ, ಹಣ್ಣಾಗಿಲ್ಲ ಇನ್ನೂ!”

ಜನ ಗೊಳ್ಳೆಂದು ನಕ್ಕರು. ಈಚೆದಡದವರೂ ನಕ್ಕರು. ಅಜ್ಜ ಬನ್ನಿಮರದ ನೆರಳು ಬಿಟ್ಟು ಬಂದು ಹೊಳೆಯ ಅಂಚಿನಲ್ಲಿ ಕೂತಿದ್ದರು. ಅವರು ನಕ್ಕರೋ ಇಲ್ಲವೋ ಕಲ್ಮೇಶನಿಗೆ ಕಾಣಲಿಲ್ಲ.

ಬೆಳಗಿನ ಹೊತ್ತು ಸುಸೂತ್ರವಾಗಿ ನಡೆಯಿತು. ಎರಡೂ ಕಡೆಯವರು ಗೊಣಗಿದರು, ಗೊಣಗಿ ಸುಮ್ಮನಾದರು. ಕಲ್ಮೇಶನಿಗೆ ಸ್ವಲ್ಪ ಧೈರ್ಯ ಬಂತು. ಬರಬಾರದಿತ್ತು. ಧೈರ್ಯ ಬಂದ ಮೇಲೆಯೇ ಹೆದರಿಕೆಗೆ ಜಾಗ ಸಿಗುವುದು.

ಹೊತ್ತು ಇಳಿಯುವಾಗ ಆಚೆದಡದ ಕೊನೆಯ ದಾಂಡಿಗ ಬಂದ. ತಿರಕಪ್ಪ ಎಂದು ಹೆಸರು. ಆನೆಯಂಥ ಆಳು. ಅವನ ದಡಕ್ಕೆ ಗೆಲ್ಲಲು ಬೇಕಾದದ್ದು ಇನ್ನು ಎರಡೇ ಎಣಿಕೆ. ಆ ತೋಳಿಗೆ ಎರಡು ಯಾವ ಲೆಕ್ಕ?

ಬಾಳಪ್ಪ ಎಸೆದ. ತಿರಕಪ್ಪ ಬೀಸಿದ, ಸಿಗಲಿಲ್ಲ. ಸೊಂಟದ ಮಟ್ಟ.

“ಒಳಗ!”

ಯಾರೂ ತಕರಾರು ತೆಗೆಯಲಿಲ್ಲ. ಮುಂದಿನದು ಉಸುಕು ಸವರಿಕೊಂಡು ಹೋಯಿತು, ಹೊರಗ. ಅದರ ಮುಂದಿನದು ತೊಡೆಯ ಮಟ್ಟ.

“ಒಳಗ!”

ಎರಡಾಯಿತು. ಎರಡೂ ದಂಡೆಯಲ್ಲಿ ಪಿಟ್ಟೆಂಬ ಸದ್ದಿಲ್ಲ.

ತಿರಕಪ್ಪನ ಎದೆಯ ಗೆರೆ ಬೆವರಿಗೆ ಹರಿದು ಎಳೆಎಳೆಯಾಗಿತ್ತು. ಮೊದಲು ಎಳೆದ ಜಾಗದಲ್ಲಿ ಸ್ವಲ್ಪ ಕೆಂಪು ಉಳಿದಿತ್ತು. ದಂಡೆಯ ಮೇಲೆ ತಿರಕಪ್ಪನ ಹೆಂಡತಿ ಸೆರಗು ಕಚ್ಚಿ ನಿಂತಿದ್ದಳು. ಕಲ್ಮೇಶ ಅವಳನ್ನು ನೋಡಿದ. ಈಚೆದಡದಲ್ಲಿ ತನ್ನ ಅವ್ವ ನಿಂತಿದ್ದಳು, ಅವಳನ್ನೂ ನೋಡಿದ. ಉಸುಕಿನಲ್ಲಿ ಬಡಿಗೆ ಹೂತ ಉಬ್ಬನ್ನು ನೋಡಿದ. ಅದರ ಪಕ್ಕದಲ್ಲಿ ಆಗಲೇ ನಾಲ್ಕಾರು ಜನ ಕುಕ್ಕರಗಾಲಲ್ಲಿ ಕೂತಿದ್ದರು.

ಆಮೇಲೆ ಚೆಂಡು ನೋಡಿದ.

ಬಾಳಪ್ಪನ ಕೈಬಿಟ್ಟು ಅದು ಮೇಲಿನಿಂದ ಇಳಿಯುತ್ತ ಬಂತು. ತಿರಕಪ್ಪ ಬೀಸಲಿಲ್ಲ. ಮೇಲೆ ಹೋಗುತ್ತದೆಂದು ಬಿಟ್ಟುಕೊಟ್ಟ. ಚೆಂಡು ಎದೆಯ ಹತ್ತಿರ ಹಾದು ಹಿಂದಿನ ಉಸುಕಿಗೆ ಬಿತ್ತು.

“ಒಳಗ” ಎಂದ ಕಲ್ಮೇಶ.

ಈಚೆದಡ ಹೋ ಎಂದಿತು, ಆಚೆದಡ ಎದ್ದು ಉಸುಕಿಗಿಳಿಯಿತು.

“ಅವ್ವನ ಕಲ್ಲಂಗಡಿ ಸಲುವಾಗಿ ಒಳಗ ಅಂದಾ!”

“ಎದಿ ಮ್ಯಾಲೆ ಹೋದದ್ದು ಕುರುಡಗೂ ಕಾಣತಿತ್ತು!”

ಕುಕ್ಕರಗಾಲಲ್ಲಿ ಕೂತವರು ಉಸುಕು ಕೆದಕತೊಡಗಿದರು. ಒಂದು ಬಡಿಗೆ ಮೇಲೆ ಬಂತು. ಅದರ ಹಿಂದೆ ಇನ್ನೊಂದು. ಈಚೆದಡದವರೂ ತಮ್ಮ ಗುಂಡಿಯತ್ತ ಓಡಿದರು.

ತಿರಕಪ್ಪ ದಾಂಡು ಹಿಡಿದೇ ಕಲ್ಮೇಶನ ಎದುರು ಬಂದು ನಿಂತ. ಅವನ ಉಸಿರು ಕಲ್ಮೇಶನ ಮುಖಕ್ಕೆ ಬಡಿಯುತ್ತಿತ್ತು. ಓಡಬೇಕೆನಿಸಿತು. ನಿಂತಲ್ಲೇ ನಿಂತ.

“ತಡೀರಿ!” ಎಂದು ಒಂದು ದನಿ ಕೇಳಿತು. ಆಚೆದಡದ ಹಿರಿಯ ಪರ್ವತಗೌಡ. ಅವನ ಕೈಯಲ್ಲೂ ಬಡಿಗೆ ಇತ್ತು. “ಅಜ್ಜಾರು ಇಲ್ಲೇ ಅದಾರ. ಅವರು ಹೇಳಲಿ. ಅವರು ಹೇಳಿದ್ದಕ್ಕ ನಾವು ಎಂದಾದರೂ ಎದುರಾಡೇವೇನು?”

“ಹೌದು, ಅಜ್ಜಾರು ಹೇಳಲಿ!” ಎಂದು ಎರಡೂ ದಡದವರು ಕೂಗಿದರು.

ಕಲ್ಮೇಶನಿಗೆ ಹೋದ ಜೀವ ಬಂದಂತಾಯಿತು. ಅಜ್ಜ ಒಂದು ಮಾತು ಹೇಳಿದರೆ ಸಾಕು. ಕಣ್ಣು ಕಾಣದಿದ್ದರೇನು, ಶಿಷ್ಯ ಹೇಳಿದ್ದು ಸರಿ ಅಂದರೆ ಸಾಕು. ಎಲ್ಲ ಮುಗಿಯುತ್ತದೆ.

ಅಜ್ಜ ಕೋಲೂರಿಕೊಂಡು ಉಸುಕಿನ ಮೇಲೆ ನಿಧಾನವಾಗಿ ಬಂದರು. ಜನ ಸರಿದು ದಾರಿ ಬಿಟ್ಟರು.

“ಯಾವ ಎತ್ತರ ಬಂತು?” ಎಂದು ಅಜ್ಜ ಕೇಳಿದರು.

ತಿರಕಪ್ಪ ತನ್ನ ಎದೆ ಮುಟ್ಟಿ ತೋರಿಸಿದ. ಅಜ್ಜ ಕೈಚಾಚಿ ಆ ಜಾಗವನ್ನು ಸವರಿದರು. ಕಲ್ಮೇಶನತ್ತ ತಿರುಗಿದರು. “ಇಲ್ಲೇ ಏನು?”

“ಅಲ್ಲೇ ಹತ್ತಿರ್ರಿ. ಗೆರಿಗೆ ಹತ್ತಿ ಬಂತ್ರಿ.”

“ಎಷ್ಟನೇದ್ದು?”

“ಮೂರನೇದ್ದು ಆಗತಿತ್ರಿ.”

ಅಜ್ಜ ಕೋಲನ್ನು ಉಸುಕಿಗೆ ಊರಿ ನಿಂತರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು:

“ನಾ ನಿಂತಿದ್ರ ಹೊರಗ ಅಂತಿದ್ದೆ.”

ಆಚೆದಡದವರು ಕುಣಿದರು. ಈಚೆದಡದವರು ಬಡಿಗೆ ಕಿತ್ತರು.

ಕಲ್ಮೇಶನಿಗೆ ಕಣ್ಣು ಕತ್ತಲಿಟ್ಟಿತು. ನಡುನೀರಿನಲ್ಲಿ ಕೈಬಿಟ್ಟರಲ್ಲ! ಯಾರ ಪಾದದ ಬಳಿ ಇಷ್ಟು ವರ್ಷ ಕೂತಿದ್ದನೋ ಅವರೇ! ಅಳು ಬಂತು, ಅಳುವಿಗಿಂತ ಮೊದಲು ಸಿಟ್ಟು ಬಂತು. ಅಜ್ಜನ ಮುಖ ನೋಡಿದ. ಪೊರೆ ಬಂದ ಆ ಕಣ್ಣು ಹೊಳೆಯ ಕಡೆಗಿತ್ತು.

ಪರ್ವತಗೌಡ ಬಡಿಗೆಯನ್ನು ಕಲ್ಮೇಶನ ಎದೆಗೆ ಹಚ್ಚಿದ. “ಕೇಳಿದಿಲ್ಲೋ ತಮ್ಮಾ? ನಿನ್ನ ಗುರುಗಳು ಹೊರಗ ಅಂದ್ರು. ಈಗ ನೀ ಹೇಳು. ಎಲ್ಲಾರ ಮುಂದ ಹೇಳು.”

ಅತ್ತ ದರಿ, ಇತ್ತ ಪುಲಿ. ಹೊರಗ ಎಂದರೆ ಈಚೆದಡ ಬಿಡುವುದಿಲ್ಲ, ಆದರೆ ಗುರುವಿನ ಮಾತು ಉಳಿಯುತ್ತದೆ. ಗುರು ಹೇಳಿದರು, ತಿದ್ದಿಕೊಂಡೆ ಎಂದರೆ ಯಾರು ತಾನೆ ಬೈದಾರು? ಅದು ತಪ್ಪೂ ಅಲ್ಲ, ಭಕ್ತಿ. ಎಷ್ಟು ಸುಲಭ!

ಕಲ್ಮೇಶ ಕಣ್ಣು ಮುಚ್ಚಿದ. ಚೆಂಡು ಮತ್ತೊಮ್ಮೆ ಇಳಿಯುತ್ತ ಬಂತು. ಕೆಂಪು ಉಳಿದಿದ್ದ ಆ ಜಾಗದ ಕೆಳಗೇ ಹಾದುಹೋಯಿತು.

“ಒಳಗ” ಎಂದ.

“ಅಂದ್ರ ಅಜ್ಜಾರು ಸುಳ್ಳ ಹೇಳಿದ್ರೇನು?”

“ಇಲ್ರಿ ಗೌಡ್ರ. ಅವರು ನಿಂತಿದ್ರ ಹೊರಗ ಆಗತಿತ್ತು. ಇವತ್ತು ನಾ ನಿಂತೇನಿ. ನಾ ಕಂಡದ್ದು ಒಳಗ. ಹೊಡಿಯೋದಿದ್ರ ನನ್ನ ಹೊಡೀರಿ, ಅಜ್ಜಾರ ತಂಟೆಗೆ ಹೋಗಬ್ಯಾಡ್ರಿ.”

ಪರ್ವತಗೌಡ ಅವನನ್ನು ಬಹಳ ಹೊತ್ತು ನೋಡಿದ. ಬಡಿಗೆ ಎದೆಗೆ ಹತ್ತಿದಂತೆಯೇ ಇತ್ತು. ಕಲ್ಮೇಶನಿಗೆ ಬಡಿಗೆಯ ತುದಿಯಲ್ಲಿ ತನ್ನ ಎದೆಬಡಿತ ತಿಳಿಯುತ್ತಿತ್ತು.

ಗೌಡ ಬಡಿಗೆ ಇಳಿಸಿದ. ತನ್ನವರತ್ತ ತಿರುಗಿದ.

“ಹೂಳ್ರಿ ಮತ್ತ.”

“ಗೌಡ್ರ!”

“ಗುರುವಿನ ಮಾತಿಗೇ ಬಗ್ಗಲಿಲ್ಲ ಈ ಹುಡುಗ. ಅವ್ವನ ಕಲ್ಲಂಗಡಿಗೆ ಬಗ್ಗತಾನೇನು? ಹೂಳ್ರಿ ಅಂದೆ.”

ತಿರಕಪ್ಪ ದಾಂಡನ್ನು ಉಸುಕಿಗೆ ಬೀಸಿ ಒಗೆದ. ಎದೆಯ ಕೆಮ್ಮಣ್ಣನ್ನು ಅಂಗೈಯಿಂದ ಒರೆಸಿಕೊಂಡು, ಕಲ್ಮೇಶನನ್ನು ದುರುಗುಟ್ಟಿ ನೋಡಿ, ದಂಡೆ ಹತ್ತಿ ಹೋದ. ಅವನ ಹಿಂದೆ ಒಬ್ಬೊಬ್ಬರೇ ಹೋದರು. ಬೈಯುತ್ತಲೇ ಹೋದರು. ಈಚೆದಡದವರಾದರೂ ಕಲ್ಮೇಶನಿಗೆ ಒಂದು ಒಳ್ಳೆಯ ಮಾತು ಆಡಿದರೇ? ಅದೂ ಇಲ್ಲ. ಇಷ್ಟು ತಡಮಾಡಿ ಹೇಳುವುದೇನಿತ್ತು ಎಂದು ಗೊಣಗಿದರು. ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು.

ಉಸುಕು ಖಾಲಿಯಾಯಿತು. ಗುರು ಶಿಷ್ಯ ಇಬ್ಬರೇ ಮಡುವಿನ ಅಂಚಿನಲ್ಲಿ ಕೂತರು. ಕಲ್ಮೇಶ ಅಜ್ಜನ ಕಡೆ ನೋಡಲಿಲ್ಲ.

“ನಿಮಗ ಚಂಡು ಕಾಣಂಗಿಲ್ಲ” ಎಂದ ಕೊನೆಗೆ. “ಹೊರಗ ಅಂತ ಹ್ಯಾಂಗ ಅಂದ್ರಿ? ನನ್ನ ಕೊಲ್ಲತಿದ್ರು ಅವರು.”

“ನಾ ಚಂಡಿನ ಮಾತು ಆಡಲಿಲ್ಲ. ನನ್ನ ಮಾತು ಆಡಿದೆ.”

“ಅಂದ್ರ?”

“ಎರಡು ಸಲ ಒಳಗಾದ ಮ್ಯಾಲೆ, ಎದಿ ಗೆರಿಗೆ ಹತ್ತಿ ಬಂದದ್ದನ್ನ ನಾ ಎಂದೂ ಒಳಗ ಅಂದಿಲ್ಲ. ಕಣ್ಣು ಚೊಲೊ ಇದ್ದಾಗೂ ಅಂದಿಲ್ಲ.”

ಕಲ್ಮೇಶ ತಿರುಗಿ ನೋಡಿದ. “ಯಾಕ್ರಿ?”

“ಬಾಯಿ ಬರಲಿಲ್ಲೋ” ಎಂದರು ಅಜ್ಜ. “ಒಬ್ಬನ ಆಟ ನನ್ನ ಬಾಯಿಂದ ಮುಗಿಯೂದು ನನಗ ಆಗಲಿಲ್ಲ. ಇಷ್ಟು ವರ್ಷ ಜಗಳ ಆಗಲಿಲ್ಲ ಅಂತ ಎಲ್ಲಾರೂ ನನ್ನ ಹೊಗಳಿದ್ರು.”

ಕಲ್ಮೇಶನ ಸಿಟ್ಟು ಎಲ್ಲಿಗೆ ಹೋಯಿತೋ ಅವನಿಗೇ ತಿಳಿಯಲಿಲ್ಲ. ಅಜ್ಜನ ಮೇಲೆ ಹಿಂದೆಂದೂ ಹುಟ್ಟದ ಕರುಣೆ ಹುಟ್ಟಿತು. ಅದರ ಜೊತೆಗೇ ಒಂದು ಆಸೆಯೂ ಹುಟ್ಟಿತು. ಅವನು ಸರಿದು ಅಜ್ಜನ ಹತ್ತಿರ ಬಂದ.

“ಹಂಗಾದ್ರ ಅಜ್ಜಾರ, ಇವತ್ತಿಂದು ಖರೇನ ಒಳಗ ಇತ್ತು ಅಂದಹಂಗಾತಲ್ರಿ? ನಾ ಹೇಳಿದ್ದ ಸರಿ ಅಲ್ರಿ? ಒಂದು ಸಲ ನಿಮ್ಮ ಬಾಯಿಲೆ ಹೇಳ್ರಿ, ಸಾಕು.”

ಅಜ್ಜ ಕೋಲೂರಿ ಎದ್ದರು.

“ನೀ ಇಲ್ಲಿ ಬಂದು ನನ್ನ ಕೇಳಾಕತ್ತೀ ಅಂದ್ರ, ಅಲ್ಲಿ ದಾಂಡಿಗನ ಹಿಂದ ಈಗ ಯಾರು ನಿಂತಾರ?”